ವಯಸ್ಸಾದ ಮೇಲೆ ನರಕೋಶ ಎಲ್ಲರದ್ದೂ ಸಾಯುತ್ತಾ? ಅಪ್ಪನ ಕೈ ನಡುಕದ ವಿಷಯ

ಚೆಕ್‌ರೋಲ್ ಮಗ, ಸುಂಟಿಕೊಪ್ಪ

ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಗೊತ್ತಿದ್ದವರು ಹೇಳಿ.

ನಮ್ಮಪ್ಪನಿಗೆ 69. ಇಲ್ಲೇ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದರು. ಬೆಳಿಗ್ಗೆ ಲೈನ್ ಮನೆ ಮುಂದೆ ಹಾಜರಿ, ಸಂಜೆ ಹಣ್ಣಿನ ತೂಕ, ರಾತ್ರಿ ಕೂತು ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಕೂಲಿಯ ಲೆಕ್ಕದ ಪುಸ್ತಕ. ಅಕ್ಷರ ಅಂದರೆ ಮುತ್ತು ಪೋಣಿಸಿದ ಹಾಗೆ, ತೋಟದಲ್ಲಿ ಯಾರಿಗೆ ಅರ್ಜಿ ಬರೆಸಬೇಕಾದರೂ ನಮ್ಮ ಮನೆಗೇ ಬರುತ್ತಿದ್ದರು. ಈಗ ಎರಡು ವರ್ಷದಿಂದ ಸುಮ್ನೆ ಕೂತಿದ್ದರೆ ಬಲಗೈ ನಡುಗುತ್ತದೆ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜುತ್ತಲೇ ಇರುತ್ತವೆ, ಕರಿಮೆಣಸಿನ ಕಾಳನ್ನು ಗೊಂಚಲಿನಿಂದ ಬಿಡಿಸುತ್ತಾರಲ್ಲ, ಹಾಗೆ. ಲೋಟ ಹಿಡಿದರೆ ನಡುಕ ಕಡಿಮೆ, ಕೆಳಗಿಟ್ಟರೆ ಮತ್ತೆ ಶುರು. ನಡೆಯುವಾಗ ಆ ಕೈ ಬೀಸುವುದೇ ಇಲ್ಲ.

ಮೊದಲು ತೋರಿಸಿದ ಡಾಕ್ಟರು (ಹೆಸರು ಬೇಡ ಬಿಡಿ) "ವಯಸ್ಸಾಯ್ತಲ್ಲ, ನರ ವೀಕ್ ಆಗಿದೆ" ಅಂತ ಒಂದು ಟಾನಿಕ್, ವಾರಕ್ಕೊಂದು ಇಂಜೆಕ್ಷನ್ ಕೊಟ್ಟರು. ಒಂದು ವರ್ಷ ಅದರಲ್ಲೇ ಹೋಯಿತು. ಹೋದ ತಿಂಗಳು ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ನರರೋಗದ ಡಾಕ್ಟರು ಅಪ್ಪನನ್ನು ಕಾರಿಡಾರಿನಲ್ಲಿ ನಡೆಸಿದರು, ಬೆರಳು ತಟ್ಟಿಸಿದರು, ಮೊಣಕೈ ಹಿಡಿದು ಮಡಚಿ ಬಿಡಿಸಿದರು, ಪಾರ್ಕಿನ್ಸನ್ ಅಂದರು. ಸಿಂಡೋಪಾ ಮಾತ್ರೆ ಬರೆದುಕೊಟ್ಟರು. "ಮೆದುಳಿನಲ್ಲಿ ಒಂದು ಜಾಗದ ನರಕೋಶಗಳು ಈಗಾಗಲೇ ಅರ್ಧದಷ್ಟು ಹೋಗಿರುತ್ತವೆ" ಅಂದರು. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ.

ನನ್ನ ಪ್ರಶ್ನೆಗಳು. ವಯಸ್ಸಾದರೆ ಎಲ್ಲರ ನರಕೋಶವೂ ಹೀಗೇ ಸಾಯುತ್ತದಾ, ದಿನಕ್ಕೆ ಒಂದು ಲಕ್ಷ ಅಂತ ಎಲ್ಲೋ ಓದಿದ ನೆನಪು? ಹಾಗಾದರೆ ಮೊದಲಿನ ಡಾಕ್ಟರು ಹೇಳಿದ್ದೂ ಸರಿನೇ ಅಲ್ವಾ? ನಾವು ಆ ಒಂದು ವರ್ಷ ಕಳೆಯದೇ ಇದ್ದಿದ್ದರೆ ಇನ್ನಷ್ಟು ಕೋಶ ಉಳಿಯುತ್ತಿತ್ತಾ? ಇನ್ನೊಂದು, ನಮ್ಮ ಚಿಕ್ಕಪ್ಪ ನಸುಗುನ್ನಿ ಬೀಜದ ಪುಡಿ ತಂದಿಟ್ಟಿದ್ದಾರೆ, ಮಾತ್ರೆಯ ಜೊತೆಗೆ ಕೊಡು ಅಂತಾರೆ. ಕೊಡಬಹುದಾ?

ಬೆಟ್ಟದ ಬಿಸಿಲು

25 ದಾಟಿದ ಮೇಲೆ ಎಲ್ಲರದ್ದೂ ಸಾಯ್ತಾ ಹೋಗುತ್ತೆ ಬ್ರೋ, ಅದಕ್ಕೇ ನನಗೆ ಈಗ ಗಾಡಿ ಕೀ ಎಲ್ಲಿಟ್ಟೆ ಅಂತ ಗೊತ್ತಾಗಲ್ಲ 😄 ಒಂದೆಲಗ ದಿನಾ ಚಟ್ನಿ ಮಾಡಿ ಕೊಡಿ. ನಾವು ಮೆದುಳಲ್ಲಿ ನೂರಕ್ಕೆ ಹತ್ತು ಭಾಗ ಮಾತ್ರ ಬಳಸೋದಂತೆ, ಉಳಿದಿದ್ದು ಸ್ಟಾಕ್ ಇರುತ್ತೆ, ಟೆನ್ಷನ್ ಬೇಡ.

ಸ್ಲೈಡ್ ಅಕ್ಕ, ಸೋಮವಾರಪೇಟೆ / ಬೆಂಗಳೂರು

ಬಿಸಿಲು ತಮ್ಮ, ಒಂದೆಲಗ ಚಟ್ನಿ ರುಚಿಗೆ ತಿನ್ನು, ಅದು ಸರಿ. ಹತ್ತು ಭಾಗದ ಕತೆ ಮಾತ್ರ ಸುಳ್ಳು. ನಾವು ಇಡೀ ಮೆದುಳನ್ನೂ ಬಳಸುತ್ತೇವೆ. ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಭಾಗ, ಆದರೆ ನಾವು ಸುಮ್ನೆ ಕೂತಿದ್ದಾಗಲೂ ಶಕ್ತಿಯಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಭಾಗ ಅದಕ್ಕೇ ಹೋಗುತ್ತದೆ. ಕೆಲಸ ಇಲ್ಲದ ಕೋಶಗಳಿಗೆ ಯಾರಾದರೂ ಇಷ್ಟು ಖರ್ಚು ಮಾಡುತ್ತಾರಾ?

ಪ್ರಶ್ನೆ ಕೇಳಿದ ತಮ್ಮನಿಗೆ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನಲ್ಲಿ ಒಂದು ಲ್ಯಾಬಿನಲ್ಲಿ ಮೆದುಳಿನ ತುಂಡುಗಳನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸುವುದು ನನ್ನ ಕೆಲಸ, ಹದಿನಾಲ್ಕು ವರ್ಷ ಆಯಿತು. ಅದರಿಂದ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ದಿನಕ್ಕೊಂದು ಲಕ್ಷದ ಲೆಕ್ಕ. ಅದು ಪೂರ್ತಿ ಸುಳ್ಳಲ್ಲ, ಆದರೆ ಹೇಳುವ ರೀತಿಯಲ್ಲಿ ಹೆದರಿಸುತ್ತದೆ. 1955ರಲ್ಲಿ ಬ್ರಾಡಿ ಅನ್ನುವವರು ಬೇರೆ ಬೇರೆ ವಯಸ್ಸಿನವರ ಮೆದುಳಿನ ಸ್ಲೈಡ್ ಎಣಿಸಿ, ಮುಪ್ಪಿನಲ್ಲಿ ನರಕೋಶ ತುಂಬಾ ಕಡಿಮೆಯಾಗುತ್ತದೆ ಅಂದರು. ಎಲ್ಲರೂ ಅದನ್ನೇ ನಂಬಿದರು. ಆಮೇಲೆ ನೋಡಿದರೆ ಎಣಿಕೆಯಲ್ಲೇ ತೊಂದರೆ. ಮೆದುಳನ್ನು ಫಾರ್ಮಲಿನ್‌ನಲ್ಲಿ ಇಟ್ಟಾಗ ಚಿಕ್ಕ ವಯಸ್ಸಿನವರದ್ದು ಜಾಸ್ತಿ ಕುಗ್ಗುತ್ತದೆ, ಮುದುಕರದ್ದು ಕಡಿಮೆ. ಕುಗ್ಗಿದ್ದರಲ್ಲಿ ಕೋಶಗಳು ಒತ್ತೊತ್ತಾಗಿ ಕಾಣುತ್ತವೆ, ಹಾಗಾಗಿ ಚಿಕ್ಕವರಲ್ಲಿ ಜಾಸ್ತಿ ಇದ್ದ ಹಾಗೆ ಲೆಕ್ಕ ಬರುತ್ತದೆ. ಮೇಲಿಂದ ಮುದುಕರ ಸ್ಯಾಂಪಲ್‌ನಲ್ಲಿ ಮರೆವಿನ ಕಾಯಿಲೆ ಇದ್ದವರದ್ದೂ ಸೇರಿಕೊಳ್ಳುತ್ತಿತ್ತು. 1997ರಲ್ಲಿ ಡೆನ್ಮಾರ್ಕಿನವರು ಸರಿಯಾದ ವಿಧಾನದಲ್ಲಿ 94 ಮೆದುಳು ಎಣಿಸಿದರು. ಮೆದುಳಿನ ಮೇಲಿನ ಮಡಿಕೆ ಮಡಿಕೆ ಪದರದಲ್ಲಿ ಸುಮಾರು ಎರಡು ಸಾವಿರ ಕೋಟಿ ನರಕೋಶ, ಇಪ್ಪತ್ತನೇ ವಯಸ್ಸಿನಿಂದ ತೊಂಬತ್ತರ ತನಕ ಅದರಲ್ಲಿ ಹೋಗುವುದು ನೂರಕ್ಕೆ ಹತ್ತು ಭಾಗಕ್ಕಿಂತ ಸ್ವಲ್ಪ ಕಡಿಮೆ. ಎಪ್ಪತ್ತು ವರ್ಷಕ್ಕೆ ಭಾಗಿಸಿದರೆ ದಿನಕ್ಕೆ 85 ಸಾವಿರ ಬರುತ್ತದೆ. ನೋಡಿ, ಅದೇ ನಿಮ್ಮ ಒಂದು ಲಕ್ಷ. ಕೇಳಲು ಭಯಂಕರ, ಆದರೆ ತೊಂಬತ್ತರ ಅಜ್ಜನ ಹತ್ತಿರವೂ ಹತ್ತರಲ್ಲಿ ಒಂಬತ್ತು ಉಳಿದಿರುತ್ತದೆ.

(ಇಡೀ ಮೆದುಳಿನಲ್ಲಿ ಒಟ್ಟು ಎಷ್ಟು ಅನ್ನುವುದೂ ಸರಿಯಾಗಿ ಗೊತ್ತಾಗಿದ್ದು 2009ರಲ್ಲಿ. ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೋ ಹೌಜೆಲ್ ಮತ್ತು ಅವರ ತಂಡ ಮೆದುಳನ್ನು ಕರಗಿಸಿ ಸಾರಿನ ಹಾಗೆ ಮಾಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸಿತು. 8,600 ಕೋಟಿ. ಅಲ್ಲಿಯ ತನಕ ಎಲ್ಲ ಪುಸ್ತಕದಲ್ಲೂ ಹತ್ತು ಸಾವಿರ ಕೋಟಿ ಅಂತ ಸುಮ್ನೆ ಬರೆದುಕೊಂಡು ಬಂದಿದ್ದರು. ನನಗೆ ಇದು ಈಗಲೂ ನಗು ಬರಿಸುತ್ತದೆ.)

ಹಾಗಾದರೆ ಮುಪ್ಪಿನಲ್ಲಿ ಏನಾಗುತ್ತದೆ? ಕೋಶ ಇರುತ್ತದೆ, ಅದರ ರೆಂಬೆ ಕೊಂಬೆ ಕಡಿಮೆಯಾಗುತ್ತದೆ. ಕೋಶದಿಂದ ಕೋಶಕ್ಕೆ ಇರುವ ಕೊಂಡಿಗಳು ಕಡಿಮೆಯಾಗುತ್ತವೆ, ತಂತಿಗಳ ಮೇಲಿನ ಕೊಬ್ಬಿನ ಹೊದಿಕೆ ಸವೆಯುತ್ತದೆ. ಅದಕ್ಕೇ ಹೆಸರು ನಾಲಿಗೆ ತುದಿಯಲ್ಲಿ ನಿಲ್ಲುವುದು, ಲೆಕ್ಕ ಹಾಕಲು ಜಾಸ್ತಿ ಹೊತ್ತು ಬೇಕಾಗುವುದು. ನಿಧಾನ ಆಗುತ್ತದೆ, ಅಷ್ಟೆ.

ನಿಮ್ಮಪ್ಪನದ್ದು ಬೇರೆಯೇ ಕತೆ. ಮೆದುಳಿನ ಕಾಂಡದ ಮೇಲ್ಭಾಗವನ್ನು ಅಡ್ಡ ಕತ್ತರಿಸಿದರೆ ಎರಡು ಕಡೆಯೂ ಒಂದೊಂದು ಕಪ್ಪು ಗೆರೆ ಕಾಣುತ್ತದೆ, ಕಣ್ಣಿಗೆ ಕಾಡಿಗೆ ಎಳೆದ ಹಾಗೆ. ಬಣ್ಣ ಹಾಕುವುದೇ ಬೇಡ, ಬರಿಗಣ್ಣಿಗೇ ಕಾಣುತ್ತದೆ. ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಕೋಶಗಳ ಜಾಗ ಅದು, ಕೈಕಾಲಿನ ಚಲನೆ ಸಲೀಸಾಗಿ ಆಗಬೇಕಾದರೆ ಅದು ಬೇಕು. ಪಾರ್ಕಿನ್ಸನ್ ಇದ್ದವರ ಮೆದುಳಿನಲ್ಲಿ ಆ ಗೆರೆ ಮಾಸಿ ಹೋಗಿರುತ್ತದೆ. ನಾನು ಮೊದಲ ಸಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಹೆದರಿಕೆಯಿಂದ ಅಲ್ಲ, ಇಷ್ಟು ಚಿಕ್ಕ ಜಾಗವಾ ಅಂತ. ಒಟ್ಟು ಸೇರಿಸಿದರೂ ಕೆಲವು ಲಕ್ಷ ಕೋಶ. 8,600 ಕೋಟಿಯಲ್ಲಿ ಅದು ಯಾವ ಲೆಕ್ಕ! ಆದರೆ ಅದು ಹೋದರೆ ಮನುಷ್ಯನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ.

ಆ ಕೋಶಗಳೇ ಯಾಕೆ ಅಂತ ಕೇಳುತ್ತೀರಿ. ಪೂರ್ತಿ ಉತ್ತರ ಇನ್ನೂ ಯಾರ ಹತ್ತಿರವೂ ಇಲ್ಲ. ಒಂದು, ಅವುಗಳಿಗೆ ದುಡಿಮೆ ಜಾಸ್ತಿ. ಒಂದೊಂದು ಕೋಶ ಲಕ್ಷಗಟ್ಟಲೆ ಜಾಗಕ್ಕೆ ಕೈ ಚಾಚಿರುತ್ತದೆ, ಯಾರೂ ಕೇಳದಿದ್ದರೂ ಗಡಿಯಾರದ ಹಾಗೆ ತಾನೇ ಮಿಡಿಯುತ್ತಿರುತ್ತದೆ. ಅಷ್ಟು ಶಕ್ತಿ ಸುಟ್ಟಾಗ ಒಳಗೆ ಕಸ ಜಾಸ್ತಿ. ಎರಡು, ಆಲ್ಫಾ ಸಿನ್ಯೂಕ್ಲೀನ್ ಅಂತ ಒಂದು ಪ್ರೊಟೀನ್, ಎಲ್ಲರಲ್ಲೂ ಇರುತ್ತದೆ, ಇವರಲ್ಲಿ ಅದು ತಪ್ಪಾಗಿ ಮಡಚಿಕೊಂಡು ಗಂಟು ಕಟ್ಟುತ್ತದೆ. 1912ರಲ್ಲಿ ಲೂಯಿ ಅನ್ನುವ ಜರ್ಮನ್ ವೈದ್ಯ ಈ ಗಂಟುಗಳನ್ನು ಮೊದಲು ಕಂಡಿದ್ದು, ಈಗಲೂ ಅವರದ್ದೇ ಹೆಸರು. ಸ್ಲೈಡಿನಲ್ಲಿ ದುಂಡಗೆ ಗುಲಾಬಿ ಬಣ್ಣಕ್ಕೆ ಕಾಣುತ್ತವೆ.

ಅಂದರೆ "ವಯಸ್ಸಾಯ್ತು" ಅನ್ನುವುದು ಕಾಯಿಲೆಯ ಹೆಸರಲ್ಲ. ವಯಸ್ಸಾದರೆ ಈ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಅದು ನಿಜ. ಆದರೆ ಎಂಬತ್ತಾದ ಎಷ್ಟೋ ಜನ ನಡುಗುವುದಿಲ್ಲ.

ಇನ್ನೂ ಬರೆಯುವುದಿದೆ, ನಸುಗುನ್ನಿ ವಿಷಯ ರಾತ್ರಿ ಬರೆಯುತ್ತೇನೆ. ಅಲ್ಲಿಯ ತನಕ ಅದನ್ನು ಕೊಡಬೇಡಿ.

ಬಾಳೆಲೆ ಬೆಳೆಗಾರ

ಅಕ್ಕ ಹೇಳಿದ್ದು ಓದುವಾಗ ನನಗೆ ನೆನಪಾಗಿದ್ದು ಬೋರರ್ ಹುಳ. ತೋಟ ಇರುವವರಿಗೆ ಅರ್ಥ ಆಗುತ್ತದೆ. ಬಿಳಿ ಕಾಂಡಕೊರಕ ಬಂದರೆ ಅರೇಬಿಕಾ ಕಾಫಿ ಗಿಡ ಹಿಡಿಯುತ್ತದೆ, ಪಕ್ಕದಲ್ಲೇ ರೋಬಸ್ಟಾ ಇದ್ದರೆ ಅದರ ತಂಟೆಗೆ ಹೋಗುವುದಿಲ್ಲ. ಗಿಡ ಹೊರಗಿಂದ ಹಸಿರಾಗೇ ಇರುತ್ತದೆ, ಹಣ್ಣೂ ಬಿಡುತ್ತದೆ. ಎಲೆ ಹಳದಿ ಆಯಿತು ಅಂತ ನೀವು ಹೋಗಿ ಸೀಳಿ ನೋಡುವ ಹೊತ್ತಿಗೆ ಕಾಂಡದ ಒಳಗೆಲ್ಲ ಸುರಂಗ. ಮೈಸೂರಿನ ಡಾಕ್ಟರು ಅರ್ಧದಷ್ಟು ಹೋಗಿದೆ ಅಂದಿದ್ದು ಇದೇ ಲೆಕ್ಕ ಅಲ್ವಾ ಅಕ್ಕ? ಉಳಿದ ಅರ್ಧ ಅಷ್ಟು ವರ್ಷ ಡಬಲ್ ಡ್ಯೂಟಿ ಮಾಡಿ ತಳ್ಳಿಕೊಂಡು ಬಂದಿರುತ್ತದೆ, ಅದಕ್ಕೂ ಆಗದೇ ಹೋದಾಗ ಕೈ ನಡುಗುತ್ತದೆ. ಹಳೇ ಗಿಡ ಅಂದರೆ ಬೇರೆ. ಅಜ್ಜ ನೆಟ್ಟ ಐವತ್ತು ವರ್ಷದ ಗಿಡ ನಮ್ಮಲ್ಲಿದೆ, ಫಸಲು ಕಡಿಮೆ ಅಷ್ಟೆ, ಗಟ್ಟಿಯಾಗಿದೆ.

ನಮ್ಮ ಅಣ್ಣನಿಗೆ ಎಂಟು ವರ್ಷದಿಂದ ಪಾರ್ಕಿನ್ಸನ್. ಅದಕ್ಕೇ ಬರೆಯುತ್ತಿದ್ದೇನೆ. ಮಾತ್ರೆ ವಿಷಯದಲ್ಲಿ ಒಂದು ಅನುಭವ ಹೇಳಲೇಬೇಕು. ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಪಂದಿ ಕರಿ, ಕಡಂಬುಟ್ಟು, ಅದು ತಪ್ಪುವುದಿಲ್ಲ. ಅಣ್ಣ ಹೊಟ್ಟೆ ತುಂಬ ತಿಂದು ಎರಡು ಗಂಟೆಗೆ ಮಾತ್ರೆ ತಗೊಳ್ಳುತ್ತಿದ್ದ. ಮೂರು ಗಂಟೆಗೆ ನೋಡಿದರೆ ಕುರ್ಚಿಯಿಂದ ಎದ್ದವನು ಅಲ್ಲೇ ನಿಂತಿದ್ದಾನೆ, ಕಾಲು ನೆಲಕ್ಕೆ ಅಂಟಿಸಿದ ಹಾಗೆ. ಸೋಮವಾರ ಸರಿ. ಮುಂದಿನ ಭಾನುವಾರ ಮತ್ತೆ ಅದೇ. ನಾವು ಹಂದಿಯ ಕೊಬ್ಬು ಇರಬೇಕು, ಕಾಚಂಪುಳಿ ಇರಬೇಕು ಅಂತ ಏನೇನೋ ಜಗಳ ಮಾಡಿಕೊಂಡೆವು. ಆಮೇಲೆ ಡಾಕ್ಟರು ಹೇಳಿದರು: ಮಾಂಸದ ಪ್ರೊಟೀನ್ ಕರಗಿ ಆಗುವ ಅಂಶಗಳೂ ಈ ಮಾತ್ರೆಯ ಲೆವೊಡೋಪಾನೂ (ಮೆದುಳಿಗೆ ಹೋಗಿ ಡೋಪಮಿನ್ ಆಗುವುದು ಅದೇ) ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವುದು ಒಂದೇ ಬಾಗಿಲಿನಲ್ಲಿ. ಬಾಗಿಲಲ್ಲಿ ನೂಕುನುಗ್ಗಲು, ಮಾತ್ರೆ ಹೊರಗೇ ನಿಲ್ಲುತ್ತದೆ. ಈಗ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ. ಪಂದಿ ಕರಿ ರಾತ್ರಿಗೆ. ಬಿಟ್ಟಿಲ್ಲ, ಹೊತ್ತು ಬದಲಾಯಿಸಿದ್ದೇವೆ. ಮೊಟ್ಟೆ, ಬೇಳೆ, ಹಾಲಿಗೂ ಇದೇ ಮಾತು, ಹಾಗಾಗಿ ಮಾಂಸ ತಿನ್ನದವರೂ ಗಮನಿಸಿ. ಶುರುವಿನಲ್ಲಿ ಖಾಲಿ ಹೊಟ್ಟೆಯಲ್ಲಿ ಕೆಲವರಿಗೆ ವಾಕರಿಕೆ ಬರುತ್ತದೆ, ಆಗ ಏನು ಮಾಡಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಇನ್ನೊಂದು ಉಪಾಯ. ಬಾಗಿಲ ಹತ್ತಿರ ಕಾಲು ಏಳದೇ ಹೋದರೆ ಅಡ್ಡಕ್ಕೆ ಒಂದು ಗೆರೆ ಇದ್ದರೆ ದಾಟುತ್ತಾರೆ. ನಂಬುವುದಿಲ್ಲ ನೀವು. ನಾವು ಜಗಲಿಯಿಂದ ಬಚ್ಚಲ ತನಕ ನೆಲದ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆಸಿದ್ದೇವೆ, ಬಂದವರೆಲ್ಲ ಮಕ್ಕಳು ಕುಂಟೆಬಿಲ್ಲೆ ಆಡುತ್ತಾರಾ ಅಂತ ಕೇಳುತ್ತಾರೆ.

ಕಳೆನಾಶಕದ ವಿಷಯ ಯಾರೂ ಎತ್ತಲಿಲ್ಲ. ನಾನೇ ಎತ್ತುತ್ತೇನೆ. ಪ್ಯಾರಾಕ್ವಾಟ್ ಹೊಡೆದವರಲ್ಲಿ ಪಾರ್ಕಿನ್ಸನ್ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ, ಯುರೋಪ್‌ನಲ್ಲಿ 2007ರಿಂದ ನಿಷೇಧ. ಒಬ್ಬೊಬ್ಬರ ವಿಷಯದಲ್ಲಿ ಇದರಿಂದಲೇ ಬಂತು ಅಂತ ಹೇಳಲು ಬರುವುದಿಲ್ಲ. ಅಣ್ಣ ಎಪ್ಪತ್ತು ಎಂಬತ್ತರ ದಶಕದಲ್ಲಿ ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡು ತಾನೇ ನಿಂತು ಔಷಧಿ ಹೊಡೆಸಿದವನು. ಯಾವ ಔಷಧಿ ಅಂತ ಡಬ್ಬಿ ನೋಡಿದವರು ಯಾರು? ಈಗ ನಾವು ಮಿಷನ್ನಿನಲ್ಲಿ ಕಳೆ ಹೊಡೆಸುತ್ತೇವೆ.

ಚೆಕ್‌ರೋಲ್ ಮಗ

ಅಕ್ಕ, ಬೆಳೆಗಾರರೇ, ತುಂಬಾ ಥ್ಯಾಂಕ್ಸ್. ಬೋರರ್ ಅಂದ ಕೂಡಲೇ ಅಪ್ಪನಿಗೂ ಅರ್ಥ ಆಯಿತು, "ಹಾಗಾದರೆ ನಾನು ಅರೇಬಿಕಾ" ಅಂದು ನಕ್ಕರು. ಬಹಳ ದಿನದ ಮೇಲೆ.

ಇನ್ನೊಂದು ಕೇಳಿಬಿಡುತ್ತೇನೆ. ನಮ್ಮಮ್ಮನಿಗೆ 64. ಅವರೂ ಈಗ ಮರೆಯುತ್ತಾರೆ. ಗ್ಯಾಸ್ ಆಫ್ ಮಾಡಿದೆನಾ ಅಂತ ಎರಡು ಸಲ ಎದ್ದು ನೋಡುತ್ತಾರೆ, ನಮ್ಮ ಹೆಸರು ಕರೆಯುವಾಗ ಮೂರು ಮಕ್ಕಳ ಹೆಸರನ್ನೂ ಹೇಳಿ ಕೊನೆಗೆ ಸರಿಯಾದ್ದಕ್ಕೆ ಬರುತ್ತಾರೆ. ಇದೂ ಶುರುವಾ?

ನಾಪೋಕ್ಲು ಮೊಮ್ಮಗಳು

ಮೂರು ಮಕ್ಕಳ ಹೆಸರು ಕರೆಯುವುದು ಎಲ್ಲ ಅಮ್ಮಂದಿರೂ ಮಾಡುತ್ತಾರೆ, ನಮ್ಮವ್ವ ನಾಯಿಯ ಹೆಸರನ್ನೂ ಸೇರಿಸುತ್ತಾರೆ. ಗ್ಯಾಸ್ ನೋಡಬೇಕು ಅಂತ ನೆನಪಾಗುತ್ತಿದೆಯಲ್ಲ, ಅದು ಒಳ್ಳೆಯದೇ.

ನಮ್ಮ ತಾಯಿಗೆ (ಕೊಡವರಲ್ಲಿ ಅಜ್ಜಿಗೆ ತಾಯಿ ಅನ್ನುತ್ತೇವೆ, ಗೊಂದಲ ಬೇಡ) ಆಲ್‌ಝೈಮರ್. ಈಗ ಆರನೇ ವರ್ಷ. ವ್ಯತ್ಯಾಸ ಹೇಗಿತ್ತು ಅಂತ ಹೇಳುತ್ತೇನೆ. ಶುರುವಿನಲ್ಲಿ ಅವರು ಮಾತು ಮರೆಯಲಿಲ್ಲ, ಹಳೇದು ಮರೆಯಲಿಲ್ಲ. ಹತ್ತು ನಿಮಿಷದ ಹಿಂದಿನದ್ದು ಉಳಿಯುತ್ತಿರಲಿಲ್ಲ. ಊಟ ಆಗಿ ಕೈ ತೊಳೆದು ಬಂದು "ಏನು, ಇವತ್ತು ಅಡಿಗೆ ಇಲ್ಲವಾ" ಅಂತ ಕೇಳುವುದು. ನೆನಪಿಸಿದರೂ ನೆನಪಾಗುತ್ತಿರಲಿಲ್ಲ. ನನ್ನ ಪ್ರಕಾರ ಅದೇ ಗುರುತು. ನಿಮ್ಮಮ್ಮನಿಗೆ ಸುಳಿವು ಕೊಟ್ಟರೆ "ಹೌದಲ್ಲ" ಅನ್ನುತ್ತಾರಾ ನೋಡಿ. ನಮ್ಮ ತಾಯಿಗೆ ಆ "ಹೌದಲ್ಲ" ಬರುತ್ತಿರಲಿಲ್ಲ. ಆಮೇಲೆ ಅವರು ಮದುವೆಯಾಗಿ ಬಂದಾಗಿನಿಂದ ಓಡಾಡಿದ ಗದ್ದೆಯ ದಾರಿಯಲ್ಲಿ ನಿಂತು ಮನೆ ಯಾವ ಕಡೆ ಅಂತ ಕೇಳಿದರು. ಅವತ್ತು ನಮಗೆ ಗೊತ್ತಾಯಿತು.

ಡಾಕ್ಟರು ಹೇಳಿದ ಪ್ರಕಾರ ಈ ಕಾಯಿಲೆ ಮೊದಲು ಹಿಡಿಯುವುದು ಮೆದುಳಿನಲ್ಲಿ, ಕಿವಿಯ ನೇರಕ್ಕೆ ಒಳಬದಿಯಲ್ಲಿರುವ, ಹೊಸ ನೆನಪು ಒಳಗೆ ಹೋಗುವ ಬಾಗಿಲಿನಂಥ ಜಾಗವನ್ನು. ಹಳೇ ನೆನಪು ಬೇರೆ ಕಡೆ ಇರುತ್ತದೆ, ಅದಕ್ಕೇ ಉಳಿಯುತ್ತದೆ. ಇವತ್ತಿಗೂ ನನ್ನ ಹೆಸರು ಗೊತ್ತಿಲ್ಲ, ನನ್ನನ್ನು ಅವರ ತಂಗಿ ಅಂದುಕೊಂಡಿದ್ದಾರೆ. ಆದರೆ ಬೆಳಿಗ್ಗೆ ಸೀರೆ ಕೈಗೆ ಕೊಟ್ಟರೆ ನೆರಿಗೆ ಹಿಂದಕ್ಕೆ ಹಿಡಿದು, ಸೆರಗು ಭುಜಕ್ಕೆ ತಂದು ಪಿನ್ ಹಾಕಿ, ಐದು ನಿಮಿಷದಲ್ಲಿ ತಯಾರು. ಕನ್ನಡಿ ಬೇಡ. ನಾನು ಯೂಟ್ಯೂಬ್ ನೋಡಿಕೊಂಡು ಉಟ್ಟರೂ ನೆರಿಗೆ ಜಾರುತ್ತದೆ. ಬೆರಳಿನ ನೆನಪು ಇಟ್ಟುಕೊಳ್ಳುವ ಭಾಗ ಬೇರೆ, ಅದಕ್ಕೆ ಇನ್ನೂ ಏನೂ ಆಗಿಲ್ಲ ಅಂದರು.

ಮಾತ್ರೆ ಇದೆ, ಡೊನೆಪೆಜಿಲ್. ಉಳಿದ ಕೋಶಗಳ ನಡುವೆ ಸುದ್ದಿ ಸಾಗಿಸುವ ರಾಸಾಯನಿಕ ಸ್ವಲ್ಪ ಹೊತ್ತು ಜಾಸ್ತಿ ಉಳಿಯುವ ಹಾಗೆ ಮಾಡುತ್ತದಂತೆ. ಸತ್ತ ಕೋಶ ವಾಪಸ್ ಬರುವುದಿಲ್ಲ. ನಮಗೆ ಮೊದಲ ವರ್ಷ ಸ್ವಲ್ಪ ವ್ಯತ್ಯಾಸ ಕಂಡಿತು, ಆಮೇಲೆ ಗೊತ್ತಾಗಲಿಲ್ಲ.

ಸ್ಲೈಡ್ ಅಕ್ಕ

ಮೊಮ್ಮಗಳು ಚೆನ್ನಾಗಿ ಬರೆದಿದ್ದೀಯಮ್ಮ. ಆ ಬಾಗಿಲಿನ ಜಾಗದ ಎಣಿಕೆಯೂ ಆಗಿದೆ. 1996ರ ಒಂದು ಅಧ್ಯಯನದಲ್ಲಿ, ಅರವತ್ತರಿಂದ ತೊಂಬತ್ತರ ತನಕ ಆರೋಗ್ಯವಾಗಿದ್ದವರಲ್ಲಿ ಅಲ್ಲಿನ ಕೋಶ ಕಡಿಮೆಯೇ ಆಗಿರಲಿಲ್ಲ. ಆಲ್‌ಝೈಮರ್ ಈಗಷ್ಟೇ ಶುರುವಾದವರಲ್ಲಿ ಅದೇ ಜಾಗದ ಎರಡನೇ ಪದರದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಮುಪ್ಪಿಗೂ ಕಾಯಿಲೆಗೂ ಇಷ್ಟು ಸ್ಪಷ್ಟವಾದ ಗಡಿ ಇನ್ನೆಲ್ಲೂ ನಾನು ನೋಡಿಲ್ಲ.

ತಮ್ಮ, ಅಮ್ಮನ ಬಗ್ಗೆ ಭಯ ಇದ್ದರೆ ಮೊದಲು ಥೈರಾಯ್ಡ್, ಬಿ12 ರಕ್ತಪರೀಕ್ಷೆ ಮಾಡಿಸಿ. ಎರಡರಲ್ಲಿ ಯಾವುದು ಕಡಿಮೆಯಾದರೂ ಮರೆವು ಬರುತ್ತದೆ, ಸರಿಪಡಿಸಬಹುದು. ಮಳೆಗಾಲದಲ್ಲಿ ಪಾಚಿಯ ಮೇಲೆ ಜಾರಿ ಬಿದ್ದು ತಲೆಗೆ ಏಟಾಗಿತ್ತಾ ಕೇಳಿ. ವಯಸ್ಸಾದವರಲ್ಲಿ ಒಳಗೆ ನಿಧಾನಕ್ಕೆ ರಕ್ತ ಜಿನುಗಿ, ವಾರಗಳ ಮೇಲೆ ಮಂಕಾಗುವುದುಂಟು. ಕಿವಿ ಸರಿಯಾಗಿ ಕೇಳುತ್ತದಾ ನೋಡಿ. ಕಿವಿ ಕೇಳದಿರುವುದು, ಬಿಪಿ, ಸಕ್ಕರೆ ಕಾಯಿಲೆ, ಇವೆಲ್ಲ ಮರೆವಿನ ಕಾಯಿಲೆಗೆ ದಾರಿ ಮಾಡುತ್ತವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಕ್ಲಿನಿಕ್ ಶುರು ಮಾಡಿದ್ದಾರೆ, ಮಡಿಕೇರಿಯಲ್ಲಿ ಯಾವ ದಿನ ಅಂತ ವಿಚಾರಿಸಿಕೊಂಡು ಹೋಗಿ.

ಅಪ್ಪನಿಗೆ ಮೈಸೂರಿಗೆ ಹೋಗುವ ಮೊದಲು ತಲೆಸುತ್ತಿಗೆ, ವಾಂತಿಗೆ ಅಂತ ಯಾವುದಾದರೂ ಮಾತ್ರೆ ತಿಂಗಳುಗಟ್ಟಲೆ ಕೊಟ್ಟಿದ್ದರಾ? ಸಿನ್ನರಿಝಿನ್, ಮೆಟೊಕ್ಲೊಪ್ರಮೈಡ್ ಅಂಥವು. ಅವುಗಳಿಂದಲೂ ಪಾರ್ಕಿನ್ಸನ್ ಥರದ್ದೇ ನಡುಕ, ಬಿಗಿತ ಬರುತ್ತದೆ. ಅಲ್ಲಿ ಕೋಶ ಸಾಯುವುದಿಲ್ಲ, ಡೋಪಮಿನ್ ಕೂರುವ ಜಾಗವನ್ನು ಮಾತ್ರೆ ಮುಚ್ಚುತ್ತದೆ ಅಷ್ಟೆ. ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ವಾರ, ತಿಂಗಳಲ್ಲಿ ಇಳಿಯುತ್ತದೆ. ಹಳೇ ಚೀಟಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಮೈಸೂರಿನ ಡಾಕ್ಟರಿಗೆ ತೋರಿಸಿ.

ಈಗ ನಸುಗುನ್ನಿ. ಅದು ಮೂಢನಂಬಿಕೆ ಅಲ್ಲ. ಬೇಲಿಯಲ್ಲಿ ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಬಳ್ಳಿಯ ಬೀಜದಲ್ಲಿ ನಿಜವಾಗಲೂ ಲೆವೊಡೋಪಾ ಇದೆ, ಆಯುರ್ವೇದದಲ್ಲಿ ಕಂಪವಾತಕ್ಕೆ ಅದನ್ನು ಕೊಡುತ್ತಾ ಬಂದಿದ್ದಾರೆ. ತೊಂದರೆ ಇರುವುದೇ ಅಲ್ಲಿ. ಮಾತ್ರೆಯಲ್ಲೂ ಅದೇ, ಪುಡಿಯಲ್ಲೂ ಅದೇ. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಚಿಕ್ಕಪ್ಪನಿಗೂ ಗೊತ್ತಿಲ್ಲ, ಪುಡಿ ಮಾಡಿದವನಿಗೂ ಗೊತ್ತಿಲ್ಲ. ಎರಡೂ ಸೇರಿದರೆ ಡೋಸ್ ಏರಿ ಬಿಪಿ ಇಳಿಯಬಹುದು, ಇಲ್ಲದ್ದು ಕಣ್ಣಿಗೆ ಕಾಣಿಸಬಹುದು, ಮೈ ತಾನಾಗಿ ಹೊರಳಾಡಬಹುದು. ಕೊಡಲೇಬೇಕು ಅಂತಿದ್ದರೆ ಡಾಕ್ಟರಿಗೆ ಹೇಳಿ ಕೊಡಿ, ಮುಚ್ಚಿಟ್ಟು ಬೇಡ. ಪುಡಿ ಕೊಟ್ಟು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದಂತೂ ಬೇಡವೇ ಬೇಡ.

ಕೊನೆಗೆ ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ, ಕಳೆದುಹೋದ ಆ ಒಂದು ವರ್ಷ. 2019ರಲ್ಲಿ ನೆದರ್ಲ್ಯಾಂಡ್ಸ್‌ನವರು ಇದನ್ನೇ ಪರೀಕ್ಷೆ ಮಾಡಿದ್ದರು. ಹೊಸದಾಗಿ ಕಾಯಿಲೆ ಗೊತ್ತಾದ 445 ಜನರಲ್ಲಿ ಅರ್ಧ ಜನಕ್ಕೆ ಕೂಡಲೇ ಲೆವೊಡೋಪಾ, ಉಳಿದವರಿಗೆ 40 ವಾರ ತಡವಾಗಿ. 80 ವಾರದ ಮೇಲೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಆ ಮಾತ್ರೆ ಕೋಶ ಸಾಯುವುದನ್ನು ನಿಲ್ಲಿಸುವುದಿಲ್ಲ, ಬೇಗ ಸಾಯಿಸುವುದೂ ಇಲ್ಲ. ನಿಲ್ಲಿಸುವ ಔಷಧಿ ಇವತ್ತಿನ ತನಕ ಯಾವುದೂ ಇಲ್ಲ. ಹಾಗಾಗಿ ಟಾನಿಕ್ ಕುಡಿದ ವರ್ಷದಲ್ಲಿ ನಿಮ್ಮಪ್ಪ ಒಂದು ವರ್ಷದ ಸಲೀಸಾದ ನಡಿಗೆ ಕಳೆದುಕೊಂಡರು, ಅದು ಬೇಜಾರಿನ ವಿಷಯವೇ, ಆದರೆ ನಿಮ್ಮ ತಡದಿಂದ ಕೋಶಗಳು ಜಾಸ್ತಿ ಸಾಯಲಿಲ್ಲ. ಇವತ್ತು ಮಲಗಿ.

ಸ್ಟ್ರೋಕ್ ಆದರೆ ಲೆಕ್ಕ ಬೇರೆ, ಅದನ್ನೂ ಹೇಳಿಬಿಡುತ್ತೇನೆ, ನಮ್ಮ ಕಡೆ ಘಟ್ಟದ ದಾರಿ ಬೇರೆ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಹೋಗುತ್ತದೆ. ಬಾಯಿ ಸೊಟ್ಟ ಆಯಿತು, ಒಂದು ಕೈ ಬಿದ್ದುಹೋಯಿತು, ಮಾತು ತೊದಲಿತು ಅಂದರೆ ಟೀ ಕುಡಿಸಿ ನೋಡೋಣ ಅಂತ ಕೂರಬೇಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು.

ಬೆಟ್ಟದ ಬಿಸಿಲು

ಸಾರಿ ಅಕ್ಕ, ಹತ್ತು ಭಾಗದ ಮಾತು ವಾಪಸ್. ಒಂದು ಡೌಟ್: ಕಾಫಿ ಕುಡಿದರೆ ಪಾರ್ಕಿನ್ಸನ್ ಬರಲ್ಲ ಅಂತಾರಲ್ಲ? ಹಾಗಿದ್ದರೆ ಕೊಡಗಿನಲ್ಲಿ ಯಾರಿಗೂ ಬರಬಾರದಿತ್ತು 😅

ಸ್ಲೈಡ್ ಅಕ್ಕ

ಒಳ್ಳೆ ಪ್ರಶ್ನೆನೇ ಕೇಳಿದ್ದೀಯ. ಕಾಫಿ ಜಾಸ್ತಿ ಕುಡಿಯುವವರಲ್ಲಿ ಕಡಿಮೆ ಅಂತ ಹವಾಯಿಯಲ್ಲಿ ಎಂಟು ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಹೇಳಿದರು, ಆಮೇಲೆ ಬೇರೆ ಕಡೆಯೂ ಹಾಗೇ ಕಂಡಿತು. ಆದರೆ ಕಡಿಮೆ ಅಂದರೆ ಬರುವುದೇ ಇಲ್ಲ ಅಂತಲ್ಲ. ಕಾಯಿಲೆ ಬಂದವರಿಗೆ ಕೆಫೀನ್ ಮಾತ್ರೆ ಕೊಟ್ಟು ನೋಡಿದಾಗ 2017ರಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಕುಡಿ, ಇಷ್ಟ ಅಂತ ಕುಡಿ. ಬದಲಿಗೆ ಚೆಕ್‌ರೋಲ್ ತಮ್ಮನಿಗೆ ಒಂದು ಕೇಳಬೇಕಿತ್ತು. ಅಪ್ಪನಿಗೆ ಕಾಫಿಯ ವಾಸನೆ ಗೊತ್ತಾಗುತ್ತದಾ? ನಡುಕ ಬರುವ ಎಷ್ಟೋ ವರ್ಷ ಮೊದಲೇ ಕೆಲವರಿಗೆ ವಾಸನೆ ಹೋಗಿರುತ್ತದೆ, ಮಲಬದ್ಧತೆ ಇರುತ್ತದೆ, ಕನಸಿನಲ್ಲಿ ಕೂಗಾಡಿ ಕೈಕಾಲು ಬಡಿಯುತ್ತಾರೆ. ಅಕ್ಷರವೂ ಬರಬರುತ್ತಾ ಚಿಕ್ಕದಾಗುತ್ತದೆ.

ಚೆಕ್‌ರೋಲ್ ಮಗ

ಅಕ್ಕ, ನಿಮ್ಮ ಕೊನೇ ಸಾಲು ಓದಿ ಎದ್ದು ಅಟ್ಟ ಹತ್ತಿದೆ.

ವಾಸನೆ ಹೌದು. ನಾಲ್ಕೈದು ವರ್ಷದ ಹಿಂದೆ ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟ ಪೂರ್ತಿ ಬೆಳ್ಳಗಾಗಿತ್ತು. ಆ ವಾಸನೆ ನಿಮಗೆ ಗೊತ್ತಲ್ಲ, ಬಸ್ಸಿನಲ್ಲಿ ಕೂತವರಿಗೂ ಬಡಿಯುತ್ತದೆ. ಅಪ್ಪ ಜಗಲಿಯಲ್ಲಿ ನಿಂತು "ಈ ಸಲ ಹೂವಿಗೆ ವಾಸನೆನೇ ಇಲ್ಲ, ಮಳೆ ಸಾಲಲಿಲ್ಲ" ಅಂದರು. ನಾವು ಮಳೆಯದ್ದೇ ತಪ್ಪು ಅಂದುಕೊಂಡೆವು. ಕನಸಿನಲ್ಲಿ ಕೂಗುವುದೂ ಇತ್ತು, ಕೆಲಸದವರಿಗೆ ಬೈಯುತ್ತಿದ್ದಾರೆ ಅಂತ ಅಮ್ಮ ನಗುತ್ತಿದ್ದರು.

ಅಟ್ಟದಲ್ಲಿ ಅಪ್ಪ ತಮಗೆ ಅಂತ ಇಟ್ಟುಕೊಂಡಿದ್ದ ಹಳೇ ಲೆಕ್ಕದ ಪುಸ್ತಕಗಳಿವೆ. ಒಂದೊಂದನ್ನೇ ತೆಗೆದು ಟಾರ್ಚ್ ಹಾಕಿ ನೋಡಿದೆ. 2014ರದ್ದರಲ್ಲಿ ಅಕ್ಷರ ಎರಡು ಗೆರೆಯ ಮಧ್ಯೆ ತುಂಬಿಕೊಂಡಿದೆ, ಒತ್ತಕ್ಷರ ಕೆಳಗಿನ ಗೆರೆ ಮುಟ್ಟುತ್ತದೆ. 2018, ಆ ಮಳೆಯ ವರ್ಷ, ಪುಸ್ತಕದ ಅಂಚು ನೀರು ಕುಡಿದು ಉಬ್ಬಿದೆ, ಬರಹ ಇನ್ನೂ ಸರಿ. 2020ರ ನಂತರ ಸಾಲಿನ ಶುರುವಿನಲ್ಲಿ ಹೆಸರು ದೊಡ್ಡದು, ಕೊನೆಗೆ ಹೋಗುವಾಗ ಚಿಕ್ಕದು. ಕೊನೇ ವರ್ಷದ ಪುಸ್ತಕದಲ್ಲಿ ಕೂಲಿಯ ಮೊತ್ತ ಇರುವೆ ಸಾಲಿನ ಹಾಗಿದೆ, ಓದಲು ಕನ್ನಡಕ ಬೇಕು. ಆಗ ಕೈ ನಡುಗುತ್ತಿರಲಿಲ್ಲ. ತೋಟದವರು ಕಂಪ್ಯೂಟರ್ ತಂದಿದ್ದಕ್ಕೆ ಅಪ್ಪನಿಗೆ ಬರೆಯುವ ಮನಸ್ಸೇ ಇಲ್ಲ ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ.

ತಲೆಸುತ್ತಿನ ಮಾತ್ರೆ ಅಪ್ಪ ತಗೊಂಡಿಲ್ಲ, ಚೀಟಿ ಎಲ್ಲ ನೋಡಿದೆ. ಅಮ್ಮನ ರಕ್ತ ನಾಳೆ ಕೊಡುತ್ತೇವೆ. ನಸುಗುನ್ನಿ ಡಬ್ಬಿ ಚಿಕ್ಕಪ್ಪನಿಗೆ ವಾಪಸ್ ಕೊಟ್ಟೆ, ಮುಖ ಊದಿಸಿಕೊಂಡು ಹೋಗಿದ್ದಾರೆ. 2014 ಮತ್ತು ಕೊನೇ ವರ್ಷದ ಎರಡು ಪುಸ್ತಕ ಮುಂದಿನ ಸಲ ಮೈಸೂರಿಗೆ ಜೊತೆಗೆ ತಗೊಂಡು ಹೋಗುತ್ತೇನೆ.

ಬೆಳೆಗಾರರೇ, ಆ ಬಿಳಿ ಗೆರೆಗಳ ಮಧ್ಯೆ ಎಷ್ಟು ಜಾಗ ಬಿಟ್ಟಿದ್ದೀರಿ, ಒಂದು ಅಡಿನಾ ಒಂದೂವರೆನಾ? ನಮ್ಮ ಜಗಲಿ ರೆಡ್ ಆಕ್ಸೈಡಿನದ್ದು, ಪೇಂಟ್ ಹಿಡಿಯುತ್ತದಾ?

ಬಾಳೆಲೆ ಬೆಳೆಗಾರ

ಒಂದೂವರೆ ಅಡಿಯಿಂದ ಶುರು ಮಾಡಿ, ಅಪ್ಪನನ್ನು ನಡೆಸಿ ನೋಡಿ ಸರಿಮಾಡಿಕೊಳ್ಳಿ. ಪೇಂಟ್ ಮೊದಲೇ ಬೇಡ, ಬಿಳಿ ಟೇಪ್ ಅಂಟಿಸಿ ಒಂದು ವಾರ ನೋಡಿ. ಅಂಚು ಏಳದ ಹಾಗೆ ಒತ್ತಿ ಅಂಟಿಸಿ, ಇಲ್ಲದಿದ್ದರೆ ಅದಕ್ಕೇ ಎಡವುತ್ತಾರೆ.